ಉಳಿದಿರುವ ನೆನಪಿನಿಂದ ಕೆಲಸ ತೆಗೆಯುವುದು: ಡಿಮೆನ್ಷಿಯಾದಲ್ಲಿ ಔಷಧವಿಲ್ಲದ ಅರಿವಿನ ಪುನಶ್ಚೇತನ

ಅರಿವಿನ ಶಕ್ತಿಯನ್ನು ಅಳೆಯಲು 1975ರಿಂದ ಬಳಕೆಯಲ್ಲಿರುವ 30 ಅಂಕಗಳ ಒಂದು ಕಿರುಪರೀಕ್ಷೆಯಿದೆ. ಇಂದು ಯಾವ ವಾರ, ಇದು ಯಾವ ತಿಂಗಳು, ಸ್ವಲ್ಪ ಹೊತ್ತಿನ ಹಿಂದೆ ಹೇಳಿದ ಮೂರು ಪದಗಳು ಯಾವುವು, ನೂರರಿಂದ ಏಳೇಳು ಕಳೆಯುತ್ತ ಹೋದರೆ ಏನು ಬರುತ್ತದೆ ಎಂಬಂಥ ಪ್ರಶ್ನೆಗಳು ಅದರಲ್ಲಿರುತ್ತವೆ. ಅದರಲ್ಲಿ 20 ಅಂಕ ಪಡೆದ, ಡಿಮೆನ್ಷಿಯಾ ಇರುವ ಇಬ್ಬರನ್ನು ಊಹಿಸಿಕೊಳ್ಳೋಣ. ಒಬ್ಬರು ಬೆಳಿಗ್ಗೆ ತಾವೇ ಎದ್ದು ಸ್ನಾನ ಮುಗಿಸಿ, ದಿನದ ಕೆಲಸಗಳನ್ನು ಬರೆದು ಗೋಡೆಗೆ ತೂಗುಹಾಕಿದ ಹಲಗೆಯನ್ನು ನೋಡಿ ಮಾತ್ರೆ ನುಂಗಿ, ಮಗಳಿಗೆ ಫೋನ್ ಮಾಡಿ ಮಾತನಾಡುತ್ತಾರೆ. ಇನ್ನೊಬ್ಬರಿಗೆ ಅಂಗಿಯ ಗುಂಡಿ ಹಾಕುವುದರಿಂದ ಹಿಡಿದು ಎಲ್ಲವನ್ನೂ ಬೇರೆಯವರೇ ಮಾಡಿಕೊಡಬೇಕು. ಅಂಕ ಒಂದೇ ಆದರೂ ಬದುಕು ಒಂದೇ ಅಲ್ಲ.

ಈ ವ್ಯತ್ಯಾಸದ ಒಂದು ಭಾಗ ಕಾಯಿಲೆಯಿಂದಲೇ ಬಂದಿರಬಹುದು, ಏಕೆಂದರೆ ಅಂಕಗಳು ಮೆದುಳಿನ ಎಲ್ಲ ಹಾನಿಯನ್ನೂ ಹಿಡಿದಿಡಲಾರವು. ಆದರೆ ಇನ್ನೊಂದು ಭಾಗ ಕಾಯಿಲೆಯ ಸುತ್ತ ಬೆಳೆದದ್ದು: ಸರಿಪಡಿಸದೆ ಬಿಟ್ಟ ಕಿವುಡು, ಗುರುತಿಸದ ಖಿನ್ನತೆ, ಗೊಂದಲ ಹುಟ್ಟಿಸುವ ಕೋಣೆ, ಒಮ್ಮೆ ತಪ್ಪಿದ್ದಕ್ಕೆ ಮತ್ತೆ ಕೈಹಾಕಲು ಹುಟ್ಟಿದ ಹೆದರಿಕೆ, 'ಬಿಡಿ, ನಾನೇ ಮಾಡುತ್ತೇನೆ' ಎಂದು ಪ್ರೀತಿಯಿಂದಲೇ ಎಲ್ಲವನ್ನೂ ಕಸಿದುಕೊಳ್ಳುವ ಮನೆಯವರ ಅವಸರ. ಕಾಯಿಲೆಯಿಂದ ಅನಿವಾರ್ಯವಾಗಿ ಬರಬೇಕಾದದ್ದಕ್ಕಿಂತ ಹೆಚ್ಚಾಗಿ ಕೂಡಿಕೊಂಡಿರುವ ಇದನ್ನು ತಜ್ಞರು 'ಹೆಚ್ಚುವರಿ ಅಸಾಮರ್ಥ್ಯ' ಎನ್ನುತ್ತಾರೆ. ಅರಿವಿನ ಪುನಶ್ಚೇತನ, ಅಂದರೆ ಕಾಗ್ನಿಟಿವ್ ರಿಹ್ಯಾಬಿಲಿಟೇಷನ್, ಕೆಲಸ ಮಾಡುವುದು ಮುಖ್ಯವಾಗಿ ಈ ಹೆಚ್ಚುವರಿಯ ಮೇಲೆ. ಸತ್ತ ನರಕೋಶವನ್ನು ಬದುಕಿಸುವ ಮಾತನ್ನು ಅದು ಆಡುವುದಿಲ್ಲ.

ಡಿಮೆನ್ಷಿಯಾ ಎನ್ನುವುದು ಒಂದೇ ಕಾಯಿಲೆಯ ಹೆಸರಲ್ಲ. ನೆನಪು, ಭಾಷೆ, ಗಮನ, ಯೋಜನೆ, ದಿಕ್ಕು ಮತ್ತು ಸ್ಥಳದ ಅರಿವು ಇವು ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಕುಗ್ಗುತ್ತ ಹೋಗುವ ಸ್ಥಿತಿಗೆ ಇಟ್ಟ ಹೆಸರು. ಅದರ ಹಿಂದೆ ಹಲವು ಕಾಯಿಲೆಗಳಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಶೇ 60ರಿಂದ 70ರಷ್ಟು ಪ್ರಕರಣಗಳಲ್ಲಿ ಅಲ್ಝೈಮರ್ ಕಾಯಿಲೆಯ ಪಾಲಿದೆ. 2021ರಲ್ಲಿ ಜಗತ್ತಿನಲ್ಲಿ ಸುಮಾರು 5.7 ಕೋಟಿ ಜನ ಡಿಮೆನ್ಷಿಯಾದೊಂದಿಗೆ ಬದುಕುತ್ತಿದ್ದರು. ಮೆದುಳಿನ ರಕ್ತನಾಳಗಳ ತೊಂದರೆಯಿಂದ ಬರುವುದು, ಲೂಯಿ ಬಾಡಿ ಎಂಬ ಪ್ರೋಟೀನ್ ಗಂಟುಗಳಿಂದ ಬರುವುದು, ಮೆದುಳಿನ ಮುಂಭಾಗ ಮತ್ತು ಪಕ್ಕದ ಹಾಲೆಗಳು ಸವೆಯುವುದರಿಂದ ಬರುವುದು ಹೀಗೆ ಉಳಿದವು. ಡೊನೆಪೆಜಿಲ್‌ನಂಥ ಮಾತ್ರೆಗಳು 1990ರ ದಶಕದಿಂದ ಇವೆ. ಅವು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪ ಕಾಲ ಹತೋಟಿಯಲ್ಲಿಡುತ್ತವೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮ್ಯಾಬ್‌ನಂಥ ಪ್ರತಿಕಾಯ ಔಷಧ ಅಲ್ಝೈಮರ್‌ನ ಆರಂಭದ ಹಂತದಲ್ಲಿ ಕುಸಿತದ ವೇಗವನ್ನು ತುಸು ತಗ್ಗಿಸುತ್ತದೆ. ಕಳೆದುಹೋದ ಸಾಮರ್ಥ್ಯವನ್ನು ಮರಳಿಸುವ ಔಷಧ ಇಂದಿಗೂ ಇಲ್ಲ. ಆದ್ದರಿಂದ ಔಷಧವಿಲ್ಲದ ವಿಧಾನಗಳನ್ನು, ಔಷಧ ಸಿಗದವರಿಗೆ ಮಾಡುವ ಸಮಾಧಾನ ಎಂದು ನೋಡುವುದು ಸರಿಯಲ್ಲ. ಔಷಧ ಮುಟ್ಟದ ಕಡೆಯನ್ನು ಅವು ಮುಟ್ಟುತ್ತವೆ, ಔಷಧದ ಜೊತೆಯಲ್ಲಿಯೂ ನಡೆಯುತ್ತವೆ.

ಈ ವಿಷಯದಲ್ಲಿ ಬಹುಪಾಲು ಗೊಂದಲಕ್ಕೆ ಕಾರಣ ಮೂರು ಹೆಸರುಗಳು ಒಂದರೊಳಗೊಂದು ಬೆರೆತುಹೋಗಿರುವುದು. ಅರಿವಿನ ಪ್ರಚೋದನೆ, ಅರಿವಿನ ತರಬೇತಿ, ಅರಿವಿನ ಪುನಶ್ಚೇತನ ಎಂಬ ಮೂರೂ ಒಂದೇ ಎನ್ನುವಂತೆ ಜಾಹೀರಾತುಗಳಲ್ಲಿ ಮಾತ್ರವಲ್ಲ, ಕೆಲವೊಮ್ಮೆ ಆಸ್ಪತ್ರೆಯ ಕೈಪಿಡಿಗಳಲ್ಲಿಯೂ ಬಳಕೆಯಾಗುತ್ತವೆ. ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಲಿಂಡಾ ಕ್ಲೇರ್ ಮತ್ತು ಬಾಬ್ ವುಡ್ಸ್ ಈ ಮೂರರ ನಡುವೆ ಗೆರೆ ಎಳೆದರು. ಆ ಗೆರೆಯನ್ನು ಅರ್ಥಮಾಡಿಕೊಂಡರೆ ಉಳಿದದ್ದು ಅರ್ಧ ಸುಲಭವಾಗುತ್ತದೆ.

ಅರಿವಿನ ಪ್ರಚೋದನೆ ಗುಂಪಿನಲ್ಲಿ ನಡೆಯುವಂಥದ್ದು. ಏಳೆಂಟು ಜನ ವಾರಕ್ಕೆ ಎರಡು ಸಲ ಮುಕ್ಕಾಲು ಗಂಟೆ ಸೇರುತ್ತಾರೆ. ಹಳೆಯ ಚಿತ್ರಗಳು, ಪದಗಳ ಆಟ, ದಿನಪತ್ರಿಕೆಯ ಸುದ್ದಿ, ಸಂಗೀತ, ವಸ್ತುಗಳನ್ನು ಮುಟ್ಟಿ ಗುರುತಿಸುವುದು ಇವೆಲ್ಲ ಇರುತ್ತವೆ. 'ಇದು ಯಾವ ಇಸವಿ' ಎಂದು ಪರೀಕ್ಷಿಸುವುದರ ಬದಲು 'ಈ ಚಿತ್ರದ ಬಗ್ಗೆ ನಿಮಗೇನನಿಸುತ್ತದೆ' ಎಂದು ಅಭಿಪ್ರಾಯ ಕೇಳುವುದು ಇದರ ಜೀವಾಳ, ಏಕೆಂದರೆ ಅಭಿಪ್ರಾಯಕ್ಕೆ ತಪ್ಪು ಉತ್ತರವಿಲ್ಲ. ಏಮಿ ಸ್ಪೆಕ್ಟರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 201 ಜನರಿದ್ದರು. ಏಳು ವಾರಗಳ 14 ಭೇಟಿಗಳ ನಂತರ ಪ್ರಚೋದನೆ ಪಡೆದ ಗುಂಪಿನವರ ಅರಿವಿನ ಅಂಕಗಳೂ ಬದುಕಿನ ಗುಣಮಟ್ಟವೂ ಮತ್ತೊಂದು ಗುಂಪಿನವರಿಗಿಂತ ಮೇಲಿದ್ದವು. ಮುಂದೆ ಬಂದ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಆರಂಭದಲ್ಲಿ ಹೇಳಿದ 30 ಅಂಕಗಳ ಪರೀಕ್ಷೆಯಲ್ಲಿ ಸುಮಾರು 2 ಅಂಕಗಳ ಲಾಭ ಕಂಡಿತು. ಕೇಳಲು ಇದು ಚಿಕ್ಕದು; ಮುಂದಕ್ಕೇ ಸಾಗುವ ಕಾಯಿಲೆಯಲ್ಲಿ ಅದು ಕೆಲವು ತಿಂಗಳುಗಳ ಕುಸಿತಕ್ಕೆ ಸಮ.

ಅರಿವಿನ ತರಬೇತಿಯ ತರ್ಕ ವ್ಯಾಯಾಮಶಾಲೆಯದು. ನೆನಪು ಒಂದು ಸ್ನಾಯು, ಅದನ್ನು ಮತ್ತೆಮತ್ತೆ ದುಡಿಸಿದರೆ ಬಲಿಯುತ್ತದೆ ಎಂಬ ನಂಬಿಕೆಯ ಮೇಲೆ ಪದಪಟ್ಟಿ ಬಾಯಿಪಾಠ, ಕಂಪ್ಯೂಟರ್ ಒಗಟು, ಮೊಬೈಲ್ ಆಟಗಳು ನಿಂತಿವೆ. ಆಟ ಆಡಿದವರು ಆ ಆಟದಲ್ಲಿ ಚುರುಕಾಗುತ್ತಾರೆ, ಇದರಲ್ಲಿ ಅನುಮಾನವಿಲ್ಲ. ಆದರೆ ಆ ಚುರುಕುತನ ಆಟದ ಪರದೆಯನ್ನು ದಾಟಿ ಕೀಲಿಕೈ ಹುಡುಕುವುದಕ್ಕೋ ಮಾತ್ರೆ ನೆನಪಿಡುವುದಕ್ಕೋ ಬರುವುದು ಡಿಮೆನ್ಷಿಯಾ ಇರುವವರಲ್ಲಿ ಬಹಳ ಕಡಿಮೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ 2018ರಲ್ಲಿ, ಸೌಮ್ಯದಿಂದ ಮಧ್ಯಮ ಹಂತದ ಡಿಮೆನ್ಷಿಯಾ ಇರುವವರಿಗೆ ಗುಂಪಿನ ಅರಿವಿನ ಪ್ರಚೋದನೆಯನ್ನು ಕೊಡಬೇಕೆಂದೂ, ಅರಿವಿನ ಪುನಶ್ಚೇತನವನ್ನು ಅಥವಾ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಯನ್ನು ಪರಿಗಣಿಸಬೇಕೆಂದೂ, ಅದೇ ಹಂತದ ಅಲ್ಝೈಮರ್ ಇರುವವರ ಚಿಕಿತ್ಸೆಗಾಗಿ ಅರಿವಿನ ತರಬೇತಿಯನ್ನು ಕೊಡಬಾರದೆಂದೂ ಹೇಳಿತು. ಮೆದುಳಿನ ಆಟಗಳನ್ನು ಮಾರುತ್ತಿದ್ದ ಪ್ರಸಿದ್ಧ ಕಂಪನಿಯೊಂದು, ತನ್ನ ಆಟಗಳು ವಯಸ್ಸಿನೊಂದಿಗೆ ಬರುವ ಅರಿವಿನ ಕುಸಿತವನ್ನು ತಡೆಯುತ್ತವೆ ಎಂಬರ್ಥದ ಜಾಹೀರಾತು ಕೊಟ್ಟದ್ದಕ್ಕಾಗಿ, 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ಕಟ್ಟಿ ದೂರನ್ನು ಇತ್ಯರ್ಥ ಮಾಡಿಕೊಳ್ಳಬೇಕಾಯಿತು. ಆಡುವವರಿಗೆ ಖುಷಿ ಕೊಟ್ಟರೆ ಒಗಟು ಬಿಡಿಸುವುದರಲ್ಲಿ ತಪ್ಪೇನೂ ಇಲ್ಲ. ಅದನ್ನು ಚಿಕಿತ್ಸೆ ಎಂದು ಕರೆದು, ಬೇಸರವಾದರೂ ಕೂರಿಸಿ ಆಡಿಸುವುದರಲ್ಲಿ ತಪ್ಪಿದೆ.

ಇನ್ನು ಪುನಶ್ಚೇತನ. ಇದು ಒಬ್ಬೊಬ್ಬರಿಗೇ ಪ್ರತ್ಯೇಕವಾಗಿ, ಸಾಧ್ಯವಾದಷ್ಟೂ ಅವರ ಮನೆಯಲ್ಲಿಯೇ ನಡೆಯುತ್ತದೆ. ಪ್ರಚೋದನೆ 'ಮನಸ್ಸನ್ನು ಎಚ್ಚರವಾಗಿಡೋಣ' ಎನ್ನುತ್ತದೆ, ತರಬೇತಿ 'ನೆನಪನ್ನು ಬಲಪಡಿಸೋಣ' ಎನ್ನುತ್ತದೆ. ಪುನಶ್ಚೇತನ 'ನಿಮ್ಮ ದಿನದಲ್ಲಿ ಏನು ಕೈತಪ್ಪಿದೆ, ಅದರಲ್ಲಿ ಯಾವುದನ್ನು ಮೊದಲು ಮರಳಿ ಪಡೆಯಬೇಕು' ಎಂದು ಕೇಳುತ್ತದೆ. ಪಾರ್ಶ್ವವಾಯು ಆದವರು ಮತ್ತೆ ಮೆಟ್ಟಿಲು ಹತ್ತಲು ಕಲಿಯುವಂತೆ, ಬಲಗೈ ಸೋತವರು ಎಡಗೈಯಲ್ಲಿ ಬರೆಯಲು ಕಲಿಯುವಂತೆ, ಇಲ್ಲಿಯೂ ಇರುವ ಶಕ್ತಿಯಿಂದ ಬೇಕಾದ ಕೆಲಸಕ್ಕೆ ದಾರಿ ಹುಡುಕಲಾಗುತ್ತದೆ.

ಹೊಸದನ್ನು ನೆನಪಿಡಲಾರದವರು ಕಲಿಯುವುದಾದರೂ ಹೇಗೆ? ಈ ಪ್ರಶ್ನೆಗೆ ಉತ್ತರದ ಮೊದಲ ಎಳೆ 1911ರಷ್ಟು ಹಿಂದೆಯೇ ಸಿಕ್ಕಿತ್ತು. ಜಿನೀವಾದ ವೈದ್ಯ ಮತ್ತು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಕ್ಲಾಪರೇಡ್ ನೋಡುತ್ತಿದ್ದ ಮಹಿಳೆಯೊಬ್ಬರಿಗೆ ತೀವ್ರ ಮರೆವಿತ್ತು. ದಿನವೂ ಭೇಟಿಯಾಗುವ ವೈದ್ಯರನ್ನು ಅವರು ಪ್ರತಿ ಸಲವೂ ಅಪರಿಚಿತರೆಂದೇ ಭಾವಿಸುತ್ತಿದ್ದರು. ಒಂದು ದಿನ ಕ್ಲಾಪರೇಡ್ ಬೆರಳುಗಳ ನಡುವೆ ಗುಂಡುಸೂಜಿ ಅಡಗಿಸಿಕೊಂಡು ಆಕೆಯ ಕೈಕುಲುಕಿ ಚುಚ್ಚಿದರು. ಚುಚ್ಚಿದ್ದೂ ಆಕೆಗೆ ಬೇಗನೆ ಮರೆತುಹೋಯಿತು. ಆದರೆ ಮುಂದಿನ ಸಲ ವೈದ್ಯರು ಕೈ ಚಾಚಿದಾಗ ಆಕೆ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡರು, ಏಕೆ ಎಂದು ಕೇಳಿದರೆ ಸರಿಯಾದ ಕಾರಣ ಹೇಳಲಾಗಲಿಲ್ಲ. ಇಂದಿನ ಯಾವ ನೈತಿಕ ಸಮಿತಿಯೂ ಒಪ್ಪದ ಪ್ರಯೋಗ ಇದು. ಆದರೂ ಅದು ತೋರಿಸಿಕೊಟ್ಟದ್ದು ದೊಡ್ಡದು: ನಡೆದ ಘಟನೆಯನ್ನು ನೆನಪಿಸಿಕೊಳ್ಳಲಾಗದ ಮೆದುಳೂ ಆ ಘಟನೆಯಿಂದ ಕಲಿಯಬಲ್ಲದು.

ನೆನಪು ಒಂದೇ ಉಗ್ರಾಣವಲ್ಲ. ನಿನ್ನೆ ಯಾರು ಬಂದಿದ್ದರು, ಕನ್ನಡಕ ಎಲ್ಲಿಟ್ಟೆ ಎಂಬ ಘಟನೆಗಳ ನೆನಪು ಮೆದುಳಿನ ಒಳಭಾಗದ ಹಿಪ್ಪೊಕ್ಯಾಂಪಸ್ ಎಂಬ ರಚನೆಯನ್ನು ಬಹುವಾಗಿ ಅವಲಂಬಿಸಿದೆ. ಅಲ್ಝೈಮರ್ ಕಾಯಿಲೆ ಸಾಮಾನ್ಯವಾಗಿ ಮೊದಲು ಬಡಿಯುವುದು ಆ ಸುತ್ತಮುತ್ತಲಿಗೇ. ಪದಗಳ ಅರ್ಥ, ಲೋಕದ ತಿಳಿವಳಿಕೆ ಇನ್ನೊಂದು ಬಗೆ. ಸೈಕಲ್ ತುಳಿಯುವುದು, ಹೆಣಿಗೆ ಹಾಕುವುದು, ಸಹಿ ಮಾಡುವುದು, ವಾದ್ಯ ನುಡಿಸುವುದು ಇವು ಮೂರನೆಯ ಬಗೆ. ಕೈಗೆ ಹತ್ತಿದ ಈ ನೆನಪು ಮೆದುಳಿನ ಬೇರೆ ಭಾಗಗಳನ್ನು ನೆಚ್ಚಿಕೊಂಡಿರುವುದರಿಂದ ಅಲ್ಝೈಮರ್‌ನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಮಕ್ಕಳ ಹೆಸರಿಗೆ ತಡಕಾಡುವವರು ಬಾಲ್ಯದ ಹಾಡನ್ನು ಒಂದಕ್ಷರ ತಪ್ಪದೆ ಹಾಡುವುದನ್ನು ಕಂಡು ಮನೆಯವರು ಕೆಲವೊಮ್ಮೆ 'ಬೇಕಾದದ್ದು ಮಾತ್ರ ನೆನಪಿರುತ್ತದೆ' ಎಂದು ನೊಂದುಕೊಳ್ಳುತ್ತಾರೆ. ಅಲ್ಲಿ ಬೇಕು ಬೇಡದ ಪ್ರಶ್ನೆಯೇ ಇಲ್ಲ; ಎರಡು ನೆನಪುಗಳು ಇರುವ ಜಾಗವೇ ಬೇರೆ. ಪುನಶ್ಚೇತನದ ಬಹುಪಾಲು ತಂತ್ರಗಳು, ಮೊದಲನೆಯ ಬಗೆಯ ಬಾಗಿಲು ಮುಚ್ಚಿರುವಾಗ ಮೂರನೆಯದರ ಮೂಲಕ ಒಳಹೋಗುವ ಪ್ರಯತ್ನಗಳು.

ಅವುಗಳಲ್ಲಿ ಹೆಚ್ಚು ಸರಳವೂ ಮನೆಯಲ್ಲಿ ಮಾಡಬಹುದಾದದ್ದೂ ಎಂದರೆ ಅಂತರ ಹೆಚ್ಚಿಸುತ್ತ ಕೇಳುವ ವಿಧಾನ. ಟಾಮಸ್ ಲ್ಯಾಂಡವರ್ ಮತ್ತು ರಾಬರ್ಟ್ ಬ್ಯೋರ್ಕ್ 1978ರಲ್ಲಿ, ಸಾಮಾನ್ಯ ಜನರು ಹೆಸರುಗಳನ್ನು ಕಲಿಯುವಾಗ, ನೆನಪಿಸಿಕೊಳ್ಳುವ ಸಂದರ್ಭಗಳ ನಡುವಿನ ಅಂತರವನ್ನು ಹಿಗ್ಗಿಸುತ್ತ ಹೋದರೆ ಹೆಸರು ಚೆನ್ನಾಗಿ ನಿಲ್ಲುತ್ತದೆ ಎಂದು ತೋರಿಸಿದ್ದರು. ಅದನ್ನು ಡಿಮೆನ್ಷಿಯಾಕ್ಕೆ ಒಗ್ಗಿಸಿದವರಲ್ಲಿ ಅಮೆರಿಕದ ಕ್ಯಾಮರಾನ್ ಕ್ಯಾಂಪ್ ಪ್ರಮುಖರು. ಒಂದೇ ಪ್ರಶ್ನೆ, ಒಂದೇ ಉತ್ತರ. 'ಕನ್ನಡಕ ಎಲ್ಲಿದೆ ಎಂದು ತಿಳಿಯದಿದ್ದರೆ ಎಲ್ಲಿ ನೋಡಬೇಕು?' ಎಂದು ಕೇಳಿ, 'ಹಾಸಿಗೆ ಪಕ್ಕದ ನೀಲಿ ಡಬ್ಬಿಯಲ್ಲಿ' ಎಂದು ಹೇಳಿಸಿ, ಸಾಧ್ಯವಾದರೆ ಅಲ್ಲಿಗೆ ನಡೆದುಹೋಗಿ ಡಬ್ಬಿಯನ್ನು ಮುಟ್ಟಿಸಬೇಕು. ಕೂಡಲೇ ಮತ್ತೆ ಕೇಳಬೇಕು. ಸರಿ ಬಂದರೆ ಅರ್ಧ ನಿಮಿಷ ಬಿಟ್ಟು, ನಂತರ ಒಂದು, ಎರಡು, ನಾಲ್ಕು, ಎಂಟು ನಿಮಿಷ ಬಿಟ್ಟು ಕೇಳುತ್ತ ಹೋಗಬೇಕು. ನಡುವೆ ಬೇರೆ ಮಾತು, ಬೇರೆ ಕೆಲಸ ನಡೆಯುತ್ತಿರಲಿ. ತಪ್ಪಿದರೆ 'ಯೋಚಿಸಿ ನೋಡಿ' ಎಂದು ಒತ್ತಾಯಿಸದೆ ತಾವೇ ಉತ್ತರ ಹೇಳಿ, ಅವರಿಂದ ಒಮ್ಮೆ ಹೇಳಿಸಿ, ಹಿಂದೆ ಸರಿಯಾಗಿ ಬಂದಿದ್ದ ಅಂತರಕ್ಕೆ ಮರಳಬೇಕು. ಪ್ರಶ್ನೆಯ ಪದಗಳನ್ನು ಪ್ರತಿ ಸಲ ಬದಲಿಸಬಾರದು, ಮನೆಯವರೆಲ್ಲರೂ ಒಂದೇ ಮಾತಿನಲ್ಲಿ ಕೇಳಬೇಕು. ದಿನಗಳು ಕಳೆದಂತೆ ಎಷ್ಟೋ ಜನರಲ್ಲಿ ಉತ್ತರ ಪ್ರಯತ್ನವಿಲ್ಲದೆ ಬರತೊಡಗುತ್ತದೆ. ಕಲಿತದ್ದೇ ನೆನಪಿಲ್ಲದಿದ್ದರೂ ಕೈ ಡಬ್ಬಿಯ ಕಡೆ ಹೋಗುತ್ತದೆ.

ತಪ್ಪಿಗೆ ಅವಕಾಶ ಕೊಡದೆ ಕಲಿಸುವುದು ಎರಡನೆಯದು. ತಪ್ಪು ಮಾಡಿಯೇ ಕಲಿಯಬೇಕು ಎಂಬ ಮಾತು ತಪ್ಪನ್ನು ನೆನಪಿಡಬಲ್ಲವರಿಗೆ ಸರಿ. ಅಲನ್ ಬ್ಯಾಡ್ಲಿ ಮತ್ತು ಬಾರ್ಬರಾ ವಿಲ್ಸನ್ 1994ರಲ್ಲಿ ತೋರಿಸಿದಂತೆ, ತೀವ್ರ ಮರೆವಿರುವವರು ಊಹೆ ಮಾಡಿ ತಪ್ಪು ಉತ್ತರ ಕೊಟ್ಟಾಗ, ಆ ಉತ್ತರ ಒಳಗೊಳಗೇ ಅಚ್ಚಾಗುತ್ತದೆ, ಅದು ತಪ್ಪಾಗಿತ್ತು ಎಂಬುದು ಮಾತ್ರ ಮರೆತುಹೋಗುತ್ತದೆ. ಪರಿಣಾಮವಾಗಿ ಮುಂದಿನ ಸಲವೂ ಅದೇ ತಪ್ಪು. ಹಾಗಾಗಿ ಊಹಿಸಲು ಬಿಡದೆ, ಪ್ರತಿ ಹೆಜ್ಜೆಯನ್ನೂ ತೋರಿಸಿ, ಜೊತೆಗೆ ಮಾಡಿಸಿ, ನಿಧಾನವಾಗಿ ಕೈಬಿಡಬೇಕು ಎಂಬುದು ಇದರ ಸೂತ್ರ. ಸುಳಿವುಗಳನ್ನು ಮರೆಯಾಗಿಸುವ ವಿಧಾನವೂ ಇದರ ಹತ್ತಿರದ್ದೇ: ಮೊದಲು ಇಡೀ ಪದವನ್ನು ಬರೆದು ತೋರಿಸಿ, ಕಡೆಯಿಂದ ಒಂದೊಂದೇ ಅಕ್ಷರ ಅಳಿಸುತ್ತ ಬಂದು, ಕೊನೆಗೆ ಯಾವ ಅಕ್ಷರವೂ ಇಲ್ಲದೆ ಹೇಳಿಸುವುದು. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಜರ್ಮನಿಯಲ್ಲಿ 161 ಜನರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವಾಗ ತಪ್ಪಿಲ್ಲದ ವಿಧಾನವು, ಮಾಡಿ ತಪ್ಪಿ ತಿದ್ದಿಕೊಳ್ಳುವ ವಿಧಾನಕ್ಕಿಂತ ಮೇಲೆಂದು ಕಂಡುಬರಲಿಲ್ಲ. ಒಂದು ಪದವನ್ನು ಕಲಿಯುವುದಕ್ಕೂ ಹತ್ತು ಹೆಜ್ಜೆಗಳ ಕೆಲಸವನ್ನು ಕಲಿಯುವುದಕ್ಕೂ ವ್ಯತ್ಯಾಸವಿದೆ. ಕೆಲಸದಲ್ಲಿ ಮುಂದಿನ ಹೆಜ್ಜೆಯನ್ನು ಎದುರಿಗಿರುವ ವಸ್ತುವೇ ನೆನಪಿಸುತ್ತದೆ. ನನ್ನ ಮಟ್ಟಿಗೆ ತಪ್ಪಿಲ್ಲದ ಕಲಿಕೆಯ ದೊಡ್ಡ ಗುಣ ಬೇರೆ ಕಡೆ ಇದೆ: ಕಲಿಯುವವರಿಗೆ ಅವಮಾನವಾಗುವುದಿಲ್ಲ, ಆದ್ದರಿಂದ ನಾಳೆಯೂ ಅವರು ಕೂರುತ್ತಾರೆ.

ಮೂರನೆಯದನ್ನು ತಂತ್ರ ಎನ್ನುವುದಕ್ಕಿಂತ ನೆನಪನ್ನು ತಲೆಯಿಂದ ಹೊರಗೆ ಸಾಗಿಸುವುದು ಎನ್ನಬಹುದು. ವಾರ ಮತ್ತು ಹೊತ್ತನ್ನು ದೊಡ್ಡ ಅಕ್ಷರದಲ್ಲಿ ತೋರಿಸುವ ಗಡಿಯಾರ, ದಿನಕ್ಕೊಂದು ಖಾನೆಯಿರುವ ಮಾತ್ರೆ ಡಬ್ಬಿ, ಕಪಾಟಿನ ಬಾಗಿಲ ಮೇಲೆ ಒಳಗಿರುವುದರ ಚಿತ್ರ, ಶೌಚಾಲಯದ ಬಾಗಿಲಿಗೆ ಗೋಡೆಗಿಂತ ಎದ್ದುಕಾಣುವ ಬಣ್ಣ, ರಾತ್ರಿ ಹಾಸಿಗೆಯಿಂದ ಶೌಚಾಲಯದವರೆಗೆ ಸಣ್ಣ ದೀಪ. ಇವನ್ನು ತಂದಿಟ್ಟರೆ ಸಾಕೆಂದು ಅನೇಕರು ತಿಳಿಯುತ್ತಾರೆ. ಹಲಗೆ ತೂಗುಹಾಕಿ ಎರಡು ವಾರದ ಮೇಲೆ 'ನೋಡುವುದೇ ಇಲ್ಲ' ಎಂದು ಕೈಬಿಡುತ್ತಾರೆ. ನೋಡುವುದನ್ನೂ ಕಲಿಸಬೇಕು ಎಂಬುದು ಪುನಶ್ಚೇತನದ ಅನುಭವ. 'ಇವತ್ತು ಏನಿದೆ?' ಎಂಬ ಪ್ರಶ್ನೆಗೆ ಉತ್ತರ ಹೇಳುವ ಬದಲು 'ಹಲಗೆ ನೋಡೋಣವೇ?' ಎಂದು ಪ್ರತಿ ಸಲವೂ ಅಲ್ಲಿಗೆ ಕರೆದೊಯ್ದರೆ, ಪ್ರಶ್ನೆ ಹುಟ್ಟಿದಾಗ ಹಲಗೆಯ ಕಡೆ ತಿರುಗುವುದು ಕ್ರಮೇಣ ಅಭ್ಯಾಸವಾಗುತ್ತದೆ. ಅಭ್ಯಾಸವೂ ಕೈಗೆ ಹತ್ತುವ ನೆನಪೇ. ಹೊಸ ಸಾಧನಗಳನ್ನು ಕಾಯಿಲೆಯ ಆರಂಭದಲ್ಲಿಯೇ ರೂಢಿಸಬೇಕು ಎನ್ನುವುದು ಈ ಕಾರಣಕ್ಕೆ. ತಡವಾದಷ್ಟೂ ಕಲಿಕೆ ಕಷ್ಟ.

ತಂತ್ರಗಳ ಹೆಸರು ತಿಳಿದ ಮಾತ್ರಕ್ಕೆ ಪುನಶ್ಚೇತನ ತಿಳಿದಂತಾಗಲಿಲ್ಲ, ಏಕೆಂದರೆ ಅದರ ಹೃದಯ ಇರುವುದು ಗುರಿಯನ್ನು ಆರಿಸುವುದರಲ್ಲಿ. ಒಂದು ಕಲ್ಪಿತ ಉದಾಹರಣೆಯನ್ನು ಸ್ವಲ್ಪ ವಿವರವಾಗಿ ನೋಡೋಣ. ಎಪ್ಪತ್ತನಾಲ್ಕು ವರ್ಷದ ನಿವೃತ್ತ ಲೆಕ್ಕಿಗರೊಬ್ಬರು ಅಲ್ಝೈಮರ್‌ನ ಸೌಮ್ಯ ಹಂತದಲ್ಲಿದ್ದಾರೆ, ಪತ್ನಿಯೊಂದಿಗೆ ವಾಸ. ಏನು ಬೇಕು ಎಂದು ಚಿಕಿತ್ಸಕರು ಕೇಳಿದಾಗ ಪತ್ನಿ 'ಇವರ ನೆನಪು ಸರಿಹೋದರೆ ಸಾಕು' ಎನ್ನುತ್ತಾರೆ. ಲೆಕ್ಕಿಗರು ಸುಮ್ಮನಿದ್ದು, ಬಹಳ ಹೊತ್ತಿನ ಮೇಲೆ 'ಮಗಳಿಗೆ ನಾನೇ ಫೋನ್ ಮಾಡುತ್ತಿದ್ದೆ' ಎನ್ನುತ್ತಾರೆ. ಗುರಿ ಅಲ್ಲಿದೆ. ಅದನ್ನು ಅಳೆಯಲು ಬರುವಂತೆ ಬರೆದುಕೊಳ್ಳಲಾಗುತ್ತದೆ: ಸಂಜೆಯ ನಡಿಗೆ ಮುಗಿಸಿ ಬಂದ ಮೇಲೆ, ಯಾರೂ ಹೇಳಿಕೊಡದೆ, ವಾರದಲ್ಲಿ ನಾಲ್ಕು ದಿನ ಮಗಳಿಗೆ ಫೋನ್ ಮಾಡುವುದು. ಈಗ ಇದು ಎಷ್ಟರಮಟ್ಟಿಗೆ ಆಗುತ್ತಿದೆ ಎಂದು ಹತ್ತರ ಅಳತೆಯಲ್ಲಿ ಅವರೇ ಅಂಕ ಕೊಡುತ್ತಾರೆ, ಎರಡು. ಆ ಅಂಕ ಅವರಿಗೆ ಎಷ್ಟು ತೃಪ್ತಿ ಕೊಟ್ಟಿದೆ ಎಂಬುದನ್ನೂ ಕೇಳಲಾಗುತ್ತದೆ.

ಮುಂದಿನ ಭೇಟಿಯಲ್ಲಿ ಚಿಕಿತ್ಸಕರು ಏನೂ ಹೇಳಿಕೊಡದೆ, ಅವರು ಫೋನ್ ಮಾಡಲು ಪ್ರಯತ್ನಿಸುವುದನ್ನು ಪಕ್ಕದಲ್ಲಿ ಕುಳಿತು ನೋಡುತ್ತಾರೆ. ಫೋನ್ ಎಲ್ಲಿದೆ ಎಂದು ಅವರಿಗೆ ಗೊತ್ತಿದೆ, ಪರದೆಯ ಬೀಗವನ್ನು ಬೆರಳೇ ತೆರೆಯುತ್ತದೆ. ಹೆಸರುಗಳ ಉದ್ದನೆಯ ಪಟ್ಟಿ ಬಂದಾಗ ಮಾತ್ರ ಏನು ಹುಡುಕುತ್ತಿದ್ದೆ ಎಂಬುದು ತಪ್ಪಿಹೋಗಿ, ಕೈಗೆ ಸಿಕ್ಕಿದ್ದನ್ನು ಒತ್ತುತ್ತಾರೆ. ಅಂದರೆ ಅವರಿಗೆ ಫೋನ್ ಬಳಸುವುದು ಮರೆತಿಲ್ಲ, ಒಂದು ಹೆಜ್ಜೆ ಮುರಿದಿದೆ. ಪರದೆಯ ಮೇಲಿನ ಬೇರೆಲ್ಲವನ್ನೂ ತೆಗೆದು ನಾಲ್ಕು ಜನರ ಚಿತ್ರಗಳನ್ನಷ್ಟೇ ಇಡಲಾಗುತ್ತದೆ. ಚಿತ್ರ ಒತ್ತಿದರೆ ಕರೆ ಹೋಗುತ್ತದೆ. 'ಮಗಳ ಜೊತೆ ಮಾತನಾಡಬೇಕೆಂದರೆ ಏನು ಮಾಡಬೇಕು?' 'ಅವಳ ಚಿತ್ರ ಒತ್ತಬೇಕು' ಎಂಬುದನ್ನು ಅಂತರ ಹೆಚ್ಚಿಸುತ್ತ ಕೇಳುವ ವಿಧಾನದಲ್ಲಿ ಕಲಿಸಲಾಗುತ್ತದೆ. ನಡಿಗೆಯಿಂದ ಬಂದು ಪಾದರಕ್ಷೆ ಬಿಡುವ ಜಾಗದ ಪಕ್ಕದ ಮೇಜಿನ ಮೇಲೆ ಫೋನ್ ಇಡುವುದು ರೂಢಿಯಾಗುತ್ತದೆ. ಹಳೆಯ ಅಭ್ಯಾಸದ ಬಾಲಕ್ಕೆ ಹೊಸದನ್ನು ಕಟ್ಟುವುದು ಇದು. ಪತ್ನಿಗೂ ಒಂದು ಪಾಠವಿದೆ: ಅವರು ತಡವರಿಸಿದಾಗ ತಕ್ಷಣ ಫೋನ್ ತೆಗೆದುಕೊಳ್ಳದೆ, ಮನಸ್ಸಿನಲ್ಲಿ ಹತ್ತು ಎಣಿಸಿ, ಬೇಕಾದರೆ ಬೆರಳಿನಿಂದ ಚಿತ್ರವನ್ನಷ್ಟೇ ತೋರಿಸುವುದು. ಇಡೀ ವ್ಯವಸ್ಥೆಯಲ್ಲಿ ಅತಿ ಕಷ್ಟದ ಭಾಗ ಬಹುಶಃ ಇದೇ. ನೋಡುತ್ತ ಸುಮ್ಮನಿರುವುದು ಆರೈಕೆ ಮಾಡುವವರಿಗೆ ಕೆಲಸ ಮಾಡಿಕೊಡುವುದಕ್ಕಿಂತ ಹೆಚ್ಚಿನ ಶ್ರಮ.

ಇಂಥ ಕ್ರಮಕ್ಕೆ ಪುರಾವೆ ಎಷ್ಟಿದೆ? ಲಿಂಡಾ ಕ್ಲೇರ್ ನೇತೃತ್ವದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ನಡೆದು 2019ರಲ್ಲಿ ಪ್ರಕಟವಾದ 'ಗ್ರೇಟ್' ಎಂಬ ಪ್ರಯೋಗದಲ್ಲಿ ಸೌಮ್ಯದಿಂದ ಮಧ್ಯಮ ಹಂತದ 475 ಜನರಿದ್ದರು. ಅರ್ಧದಷ್ಟು ಜನರ ಮನೆಗೆ ಚಿಕಿತ್ಸಕರು ಮೂರು ತಿಂಗಳಲ್ಲಿ 10 ಸಲ, ನಂತರದ ಆರು ತಿಂಗಳಲ್ಲಿ 4 ಸಲ ಹೋದರು. ಉಳಿದವರಿಗೆ ಎಂದಿನ ಚಿಕಿತ್ಸೆ ಮಾತ್ರ ನಡೆಯಿತು. ಪುನಶ್ಚೇತನ ಪಡೆದವರು ತಾವು ಆರಿಸಿದ ಗುರಿಗಳಲ್ಲಿ ಸ್ಪಷ್ಟವಾಗಿ ಮುಂದುವರಿದರು, ಒಂಬತ್ತನೆಯ ತಿಂಗಳಿನಲ್ಲಿಯೂ ಆ ಸುಧಾರಣೆ ಉಳಿದಿತ್ತು. ಮನೆಯವರು ಪ್ರತ್ಯೇಕವಾಗಿ ಕೊಟ್ಟ ಅಂಕಗಳೂ ಅದನ್ನೇ ಹೇಳಿದವು. ಆದರೆ ನೆನಪಿನ ಪರೀಕ್ಷೆ, ಮನಃಸ್ಥಿತಿ, ಬದುಕಿನ ಗುಣಮಟ್ಟದ ಅಳತೆಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈ ಎರಡನೆಯ ಮಾತನ್ನು ಮುಚ್ಚಿಡುವುದು ಪ್ರಾಮಾಣಿಕವಲ್ಲ, ಅದನ್ನು ಸೋಲೆಂದು ಓದುವುದೂ ಸರಿಯಲ್ಲ. ಫೋನ್ ಮಾಡುವುದನ್ನು ಕಲಿತವರು ಫೋನ್ ಮಾಡುತ್ತಾರೆ. ಅದರಿಂದ ಕ್ಯಾಲೆಂಡರಿನ ದಿನಾಂಕ ನೆನಪಾಗಬೇಕೆಂದೇನೂ ಇಲ್ಲ. ಕಲಿತದ್ದು ಕಲಿತ ಜಾಗದಲ್ಲಿಯೇ ಉಳಿಯುತ್ತದೆ ಎಂಬುದು ತರಬೇತಿಯ ಕೊರತೆಯಾದರೆ, ಪುನಶ್ಚೇತನ ಅದನ್ನು ಮೊದಲೇ ಒಪ್ಪಿಕೊಂಡು, ಬೇಕಾದ ಜಾಗದಲ್ಲಿಯೇ ಕಲಿಸುತ್ತದೆ. ಆದ್ದರಿಂದಲೇ ಆಸ್ಪತ್ರೆಯ ಅಡುಗೆಕೋಣೆಯಲ್ಲಿ ಕಲಿತದ್ದು ಮನೆಯ ಅಡುಗೆಕೋಣೆಗೆ ತಾನಾಗಿ ಬರುತ್ತದೆ ಎಂದು ನಂಬಬಾರದು. ನೆದರ್ಲೆಂಡ್ಸ್‌ನಲ್ಲಿ ಮೋಡ್ ಗ್ರಾಫ್ ಮತ್ತು ಸಂಗಡಿಗರು 135 ಜನರಿಗೆ ಸಂಬಂಧಿಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗ ಕೂಡ ಮನೆಯೊಳಗೇ ನಡೆದದ್ದು. ಐದು ವಾರಗಳಲ್ಲಿ ಆಕ್ಯುಪೇಷನಲ್ ಥೆರಪಿಯ 10 ಭೇಟಿಗಳ ನಂತರ ದಿನನಿತ್ಯದ ಕೆಲಸಗಳೂ ಸುಧಾರಿಸಿದವು, ಆರೈಕೆ ಮಾಡುವವರಿಗೆ ತಮ್ಮ ಸಾಮರ್ಥ್ಯದ ಮೇಲಿನ ನಂಬಿಕೆಯೂ ಹೆಚ್ಚಿತು.

ಡಿಮೆನ್ಷಿಯಾದ ಬಗೆ ಬದಲಾದರೆ ಕ್ರಮವೂ ಬದಲಾಗಬೇಕು. ರಕ್ತನಾಳದ ತೊಂದರೆಯಿಂದ ಬಂದದ್ದರಲ್ಲಿ ನೆನಪಿಗಿಂತ ಕೆಲಸವನ್ನು ಆರಂಭಿಸುವುದು, ಹೆಜ್ಜೆಗಳನ್ನು ಸರದಿಯಲ್ಲಿಡುವುದು ಕಷ್ಟವಾಗುತ್ತದೆ. ಅಲ್ಲಿ ಹೆಜ್ಜೆಗಳ ಪಟ್ಟಿ, ಧಾರಾಳ ಸಮಯ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಲೂಯಿ ಬಾಡಿ ಬಗೆಯಲ್ಲಿ ಎಚ್ಚರ ಮತ್ತು ಗಮನ ದಿನದಿಂದ ದಿನಕ್ಕೆ, ಗಂಟೆಯಿಂದ ಗಂಟೆಗೆ ಏರಿಳಿಯುತ್ತವೆ. ನಿನ್ನೆ ಮಾಡಿದ್ದು ಇಂದು ಆಗದಿದ್ದರೆ ಅದು ಸೋಮಾರಿತನವಲ್ಲ, ಹಟವೂ ಅಲ್ಲ. ಒಳ್ಳೆಯ ಗಳಿಗೆಯನ್ನು ಕಾದು ಕೆಲಸ ಮಾಡಬೇಕು. ಪದಗಳ ಅರ್ಥವೇ ಅಳಿಯುತ್ತ ಹೋಗುವ ಬಗೆಯಲ್ಲಿ ಪದಗಳನ್ನು ಮತ್ತೆ ಕಲಿಸಬಹುದಾದರೂ ಅಭ್ಯಾಸ ನಿಂತರೆ ಬಹುಮಟ್ಟಿಗೆ ಜಾರಿಹೋಗುತ್ತವೆ, ಹಾಗಾಗಿ ದಿನವೂ ಬೇಕಾಗುವ ಕೆಲವೇ ಪದಗಳನ್ನು ಆರಿಸಬೇಕು.

ತನಗೆ ತೊಂದರೆಯಿದೆ ಎಂಬುದೇ ಅರಿವಿಗೆ ಬಾರದವರ ವಿಷಯ ಇನ್ನೂ ಸೂಕ್ಷ್ಮ. ಅವರು ಸುಳ್ಳು ಹೇಳುತ್ತಿರುವುದಿಲ್ಲ. ತನ್ನ ಕೊರತೆಯನ್ನು ಗಮನಿಸುವ ಕೆಲಸವೂ ಮೆದುಳಿನದೇ ಆದ್ದರಿಂದ ಕಾಯಿಲೆ ಅದನ್ನೂ ಕೆಡಿಸಬಹುದು. 'ನಿಮಗೆ ಮರೆವಿದೆ, ಒಪ್ಪಿಕೊಳ್ಳಿ' ಎಂದು ವಾದಿಸಿ ಪುನಶ್ಚೇತನವನ್ನು ಆರಂಭಿಸಲಾಗದು. ಸಂಜೆ ಏನು ಮಾಡಲು ಇಷ್ಟ, ಯಾರ ಜೊತೆ ಮಾತನಾಡಬೇಕೆನಿಸುತ್ತದೆ ಎಂದು ಇಷ್ಟದ ಕಡೆಯಿಂದ ಹೊರಟರೆ ಎಷ್ಟೋ ಸಲ ಗುರಿ ಸಿಗುತ್ತದೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಶುರುವಾದ 'ವಾಸ್ತವದ ನೆನಪಿಸುವಿಕೆ' ಎಂಬ ಪದ್ಧತಿ ದಿನ, ಸ್ಥಳ, ಹೆಸರುಗಳನ್ನು ದಿನವಿಡೀ ಹೇಳಿ ತಿದ್ದುತ್ತಿತ್ತು. ಒಳ್ಳೆಯ ಉದ್ದೇಶದ ಆ ಪದ್ಧತಿ ಹಲವೆಡೆ ಯಾಂತ್ರಿಕ ವಿಚಾರಣೆಯಾಗಿ ಮಾರ್ಪಟ್ಟು ಟೀಕೆಗೆ ಗುರಿಯಾಯಿತು. ಅದರಲ್ಲಿ ಉಳಿಸಿಕೊಳ್ಳಬಹುದಾದದ್ದನ್ನು ತೆಗೆದುಕೊಂಡು ಮೃದುಗೊಳಿಸಿದ ಮೇಲೆಯೇ ಇಂದಿನ ಅರಿವಿನ ಪ್ರಚೋದನೆ ರೂಪುಗೊಂಡಿತು. ಎಂದೋ ತೀರಿಕೊಂಡ ತಾಯಿಯನ್ನು ಕೇಳುವವರಿಗೆ ಪ್ರತಿ ಸಲವೂ 'ಅವರು ತೀರಿಹೋಗಿ ಮೂವತ್ತು ವರ್ಷವಾಯಿತು' ಎಂದು ತಿದ್ದುವುದು ಪ್ರತಿ ಸಲವೂ ಹೊಸ ಸಾವಿನ ಸುದ್ದಿ ಕೊಟ್ಟಂತೆ.

ಯಾವುದೇ ಪುನಶ್ಚೇತನಕ್ಕೆ ಮೊದಲು ವೈದ್ಯರ ಪರೀಕ್ಷೆ ಆಗಿರಲೇಬೇಕು. ಥೈರಾಯ್ಡ್ ಕೊರತೆ, ಬಿ12 ಜೀವಸತ್ವದ ಕೊರತೆ, ಖಿನ್ನತೆ, ಕೆಲವು ಔಷಧಗಳ ಅಡ್ಡಪರಿಣಾಮ ಇವು ಮರೆವನ್ನು ಹುಟ್ಟಿಸಬಲ್ಲವು, ಇರುವ ಮರೆವನ್ನು ಹೆಚ್ಚಿಸಬಲ್ಲವು. ಒಂದೆರಡು ದಿನಗಳಲ್ಲಿಯೇ ಗೊಂದಲ ಏಕಾಏಕಿ ಹೆಚ್ಚಿದರೆ ಡಿಮೆನ್ಷಿಯಾ ಮುಂದುವರಿಯಿತು ಎಂದುಕೊಂಡು ಸುಮ್ಮನಾಗಬಾರದು. ಸೋಂಕು ಅಥವಾ ದೇಹದ ನೀರಿನಂಶ ಕಡಿಮೆಯಾಗಿರುವುದು ಕಾರಣವಿರಬಹುದು, ಅದಕ್ಕೆ ತುರ್ತು ಚಿಕಿತ್ಸೆ ಬೇಕು. ಕಿವಿಯ ಯಂತ್ರ ಮತ್ತು ಸರಿಯಾದ ಕನ್ನಡಕ, ಕಲಿಸುವ ಎಲ್ಲ ತಂತ್ರಗಳಿಗಿಂತ ಮೊದಲು ಬರಬೇಕು. ಕೇಳಿಸದೇ ಇದ್ದುದನ್ನು ಯಾರೂ ನೆನಪಿಡಲಾರರು.

ಕಾಯಿಲೆ ಮಧ್ಯಮ ಹಂತವನ್ನು ದಾಟಿದ ಮೇಲೆ ಗುರಿಯ ಅಂಕಗಳಿಗೆ ಹೆಚ್ಚು ಅರ್ಥವಿರುವುದಿಲ್ಲ. ಆಗ ಹೊಸದನ್ನು ಕಲಿಸುವ ಬದಲು, ಕೈಯಲ್ಲಿ ಉಳಿದಿರುವ ಚಟುವಟಿಕೆಯನ್ನು ಅವರಿಗೆ ಹೊಂದುವಂತೆ ಸಣ್ಣದು ಮಾಡಿಕೊಡಲಾಗುತ್ತದೆ: ಬಟ್ಟೆ ಮಡಚುವುದು, ಗುಂಡಿಗಳನ್ನು ಬಣ್ಣದಂತೆ ಬೇರ್ಪಡಿಸುವುದು, ಗಿಡಕ್ಕೆ ನೀರು ಹಾಕುವುದು. ಮಕ್ಕಳ ಆಟಿಕೆಯನ್ನು ಕೈಗೆ ಕೊಡುವುದಕ್ಕೂ ಇದಕ್ಕೂ ಅಂತರವಿದೆ. ಬದುಕಿಡೀ ಲೆಕ್ಕ ಬರೆದವರಿಗೆ ನಾಣ್ಯಗಳನ್ನು ವಿಂಗಡಿಸುವುದು ಕೆಲಸವೆನಿಸುತ್ತದೆ, ಆಟಿಕೆ ಜೋಡಿಸುವುದು ಅವಮಾನವೆನಿಸಬಹುದು. ಮಾಡಿದ್ದು ಸರಿಯೋ ತಪ್ಪೋ ಎಂಬುದನ್ನು ಇಲ್ಲಿ ಯಾರೂ ಲೆಕ್ಕವಿಡುವುದಿಲ್ಲ.

ಮತ್ತೆ ನಮ್ಮ ಲೆಕ್ಕಿಗರ ವಿಷಯಕ್ಕೆ ಬಂದರೆ, ಚಿಕಿತ್ಸಕರು ಕೊನೆಯ ಭೇಟಿಯಲ್ಲಿ ಒಂದು ಹಾಳೆಯನ್ನು ಮನೆಯಲ್ಲಿ ಬಿಟ್ಟುಹೋಗುತ್ತಾರೆ. ಯಾವ ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಬೇಕು, ಫೋನ್ ಎಲ್ಲಿರಬೇಕು, ತಡವರಿಸಿದರೆ ಎಷ್ಟು ಹೊತ್ತು ಕಾಯಬೇಕು ಎಂದು ಅದರಲ್ಲಿ ಬರೆದಿರುತ್ತದೆ. ಹಾಳೆಯ ಕೆಳಗೆ ಇನ್ನೊಂದು ಸಾಲೂ ಇರುತ್ತದೆ: ಎರಡು ವಾರ ಸತತವಾಗಿ ಚಿತ್ರ ಒತ್ತಲಾಗದಿದ್ದರೆ ಕಲಿಸುವುದನ್ನು ನಿಲ್ಲಿಸಿ, ಅದೇ ಹೊತ್ತಿಗೆ ಮಗಳೇ ಫೋನ್ ಮಾಡಲಿ, ಎತ್ತಿ 'ಹಲೋ' ಎನ್ನುವ ಕೆಲಸ ಅವರದಿರಲಿ.